ಉದ್ಯೋಗ ಮೇಳಕ್ಕೆ ಹೋಗುವ ಮುನ್ನ

ಮಾನ್ಯರೇ,

ಕಲಬುರಗಿಯಲ್ಲಿ ಉದ್ಯೋಗ ಮೇಳ ನಡೆದಾಗ ಒಂದೊಂದು ಮಳಿಗೆಯ ಮುಂದೆ ಅಭ್ಯರ್ಥಿಗೆ ಸಿಗುವುದು ಎರಡು–ಮೂರು ನಿಮಿಷ. ಅಷ್ಟರಲ್ಲಿ ಓದು, ಬಲ್ಲ ಕೆಲಸ, ಬೇಕಾದ ಹುದ್ದೆ ಇವಿಷ್ಟನ್ನು ತಡವರಿಸದೆ ಹೇಳಬೇಕು. ‘ಯಾವ ಕೆಲಸವಾದರೂ ಸರಿ’ ಎಂದವರ ಅರ್ಜಿ ರಾಶಿಯ ತಳ ಸೇರುತ್ತದೆ. ಯಾವ ಹುದ್ದೆಗೆ ನೋಡಬೇಕೆಂದೇ ಕಂಪನಿಯವರಿಗೆ ತಿಳಿಯುವುದಿಲ್ಲ. ‘ನಾನು ಐಟಿಐ ಫಿಟ್ಟರ್; ವರ್ನಿಯರ್, ಮೈಕ್ರೋಮೀಟರ್‌ನಲ್ಲಿ ಅಳತೆ ತೆಗೆಯಲು ಬರುತ್ತದೆ’ ಎಂದು ಹೇಳಿ ನೋಡಿ, ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ.

ಸ್ವವಿವರ ಒಂದೇ ಪುಟವಿರಲಿ, ಹತ್ತು ಪ್ರತಿ ಜೊತೆಗಿರಲಿ. ಎಷ್ಟೋ ಸ್ವವಿವರಗಳಲ್ಲಿ ರಿಚಾರ್ಜ್ ನಿಂತುಹೋದ ಹಳೆಯ ನಂಬರೇ ಇರುತ್ತದೆ. ಆಯ್ಕೆಯಾದರೂ ಕರೆ ತಲುಪದು. ಮೂಲ ಅಂಕಪಟ್ಟಿ ತೋರಿಸಿ, ಕೊಟ್ಟು ಬರಬೇಡಿ. ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371ಜೆ ಪ್ರಮಾಣಪತ್ರ ಬೇಕಾಗುವುದು ಸರ್ಕಾರಿ ನೇಮಕಾತಿಗೆ, ಖಾಸಗಿ ಮಳಿಗೆಯಲ್ಲಿ ಅದನ್ನು ಮುಂದಿಡುವ ಅಗತ್ಯವಿಲ್ಲ.

ಆಳಂದ, ಚಿಂಚೋಳಿ ಕಡೆಯ ಮಕ್ಕಳು ಬೆಂಗಳೂರಿನ ಸಂಬಳ ಕೇಳಿ ತಕ್ಷಣ ಒಪ್ಪಿಬಿಡುತ್ತಾರೆ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ) ಕಡಿತವಾಗಿ ಕೈಗೆ ಎಷ್ಟು ಬರುತ್ತದೆ, ವಸತಿ ಇದೆಯೇ, ರಾತ್ರಿ ಪಾಳಿ ಇದೆಯೇ ಎಂದು ಧೈರ್ಯವಾಗಿ ಕೇಳಿ. ಹೀಗೆ ಕೇಳುವವರು ಕೆಲಸದಲ್ಲಿ ನಿಲ್ಲುತ್ತಾರೆಂಬ ನಂಬಿಕೆ ಹುಟ್ಟುತ್ತದೆ. ನೋಂದಣಿ ಶುಲ್ಕವೆಂದು ಹಣ ಕೇಳಿದರೆ ಮಾತ್ರ ಅಲ್ಲಿಂದ ಎದ್ದುಬಿಡಿ.

– ಕೌಶಲ ತರಬೇತುದಾರರು, ಕಲಬುರಗಿ