ಗ್ರಾಫನ್ನು ಕಿವಿಗೆ ಮುಟ್ಟಿಸಿದವರಿಗೆ ನಮಸ್ಕಾರ

ಅಂಕಿ-ಅಂಶಗಳನ್ನು ಧ್ವನಿಯಾಗಿಸುವ ನಮ್ಮ ಪುಟ್ಟ ಪೈಥಾನ್ ಪ್ಯಾಕೇಜಿನ 1.0 ಆವೃತ್ತಿ ಕೊನೆಗೂ ಪೈಪಿಐ ಸೇರಿದೆ (ಪೈಥಾನ್ ಪ್ಯಾಕೇಜುಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಅಂತರಜಾಲದ ಉಗ್ರಾಣ ಅದು). ಕೋಡ್ ಬಹುಪಾಲು ನನ್ನದೇ. ಆದರೆ ಅದು ಕೇಳಿ ಅರ್ಥವಾಗುವ ಹಾಗಾದದ್ದು ಬೇರೆಯವರಿಂದ.

ಮೊದಲ ನಮಸ್ಕಾರ ನಮ್ಮ ಗಣಿತದ ಮೇಷ್ಟರಿಗೆ. ಹೆಸರು ಹಾಕಕೂಡದೆಂದು ತಾಕೀತು ಮಾಡಿದ್ದಾರೆ, ಹಾಕುವುದಿಲ್ಲ. ಅವರಿಗೆ ಕಣ್ಣು ಕಾಣಿಸುವುದಿಲ್ಲ. ಎನ್‌ವಿಡಿಎ ಎಂಬ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಮೂಲಕ ಕಂಪ್ಯೂಟರ್ ಬಳಸುತ್ತಾರೆ (ಅದೂ ಹೆಚ್ಚಾಗಿ ಪೈಥಾನಿನಲ್ಲೇ ಬರೆದದ್ದು). ಅದು ಕೋಷ್ಟಕವನ್ನು ಒಂದೊಂದೇ ಅಂಕಿಯಾಗಿ ಓದುತ್ತದೆ. ವರ್ಷವಿಡೀ ದಿನಕ್ಕೊಂದರಂತೆ ಅಂಕಿ ಕೇಳಿ ಮುಗಿಸುವ ಹೊತ್ತಿಗೆ ಜನವರಿ ಯಾರ ನೆನಪಿನಲ್ಲಿರುತ್ತದೆ? ಏರಿತೋ ಇಳಿಯಿತೋ ಒಂದೇ ಉಸಿರಿನಲ್ಲಿ ತಿಳಿಯಬೇಕು ಎಂಬುದು ಅವರ ಹಟವಾಗಿತ್ತು.

ಪರೀಕ್ಷೆಗೆ ಕೃಷ್ಣರಾಜಸಾಗರದ ನೀರಿನ ಮಟ್ಟವನ್ನು ತೆಗೆದುಕೊಂಡೆವು. ಬರ ಬಿದ್ದ 2023 ಎಡಗಿವಿಗೆ, 2024 ಬಲಗಿವಿಗೆ. ನೀರು ಏರಿದಂತೆ ಸ್ವರವೂ ಏರುತ್ತದೆ: ತೀರಾ ತಗ್ಗಿದ ಮಟ್ಟಕ್ಕೆ 220 ಹರ್ಟ್ಸ್ (ಸೆಕೆಂಡಿಗೆ 220 ಕಂಪನ), ತುಂಬಿದ ಮಟ್ಟಕ್ಕೆ 880. ನಡುವೆ ಎರಡು ಸ್ಥಾಯಿಗಳ ಹರವು. ಜೂನಿನಲ್ಲಿ ಎರಡೂ ತಗ್ಗಿನಲ್ಲೇ ಗುನುಗುತ್ತವೆ. ಜುಲೈ ಮುಗಿಯುವಷ್ಟರಲ್ಲಿ ಬಲಗಿವಿಯದು ಜಿಗಿದು ಮೇಲಕ್ಕೆ ಹೋಗಿರುತ್ತದೆ, ಎಡಗಿವಿಯದು ಅಷ್ಟು ಎತ್ತರಕ್ಕೆ ಹತ್ತಲಾರದೆ ಉಳಿಯುತ್ತದೆ. ಮೇಷ್ಟರು ಕೇಳಿಸಿಕೊಂಡು, "ಎಲ್ಲ ಸರಿ, ಅಣೆಕಟ್ಟು ತುಂಬಿತು ಎಂದು ನನಗೆ ಹೇಗೆ ಗೊತ್ತಾಗಬೇಕು?" ಎಂದರು.

ಅದಕ್ಕೆ ಉತ್ತರ ಸಿಕ್ಕಿದ್ದು ತಂಗಿಯ ಸಂಗೀತದ ಟೀಚರ್ ಬಳಿ. "ಶ್ರುತಿ ಇಲ್ಲದೆ ಸ್ವರ ಎಲ್ಲಿದೆ ಎಂದು ಹೇಗೆ ಹೇಳುತ್ತೀರಿ?" ಎಂದು ಅವರೇ ನನ್ನನ್ನು ಕೇಳಿದರು. ಈಗ 124.80 ಅಡಿಗೆ, ಅಂದರೆ ತುಂಬಿದ ಕನ್ನಂಬಾಡಿಗೆ, ಸಮನಾದ ಸ್ವರವೊಂದು ಎರಡೂ ಕಿವಿಯಲ್ಲಿ ತಂಬೂರಿಯ ಹಾಗೆ ಸಣ್ಣಗೆ ಮೊಳಗುತ್ತಲೇ ಇರುತ್ತದೆ. ನೀರಿನ ಸ್ವರ ಅದರ ತೀರಾ ಹತ್ತಿರ ಬಂದಾಗ ನಾದ ಅಲುಗಾಡುತ್ತದೆ, ಅಲುಗಾಟ ನಿಧಾನವಾಗುತ್ತದೆ, ಎರಡೂ ಕೂಡಿದೊಡನೆ ನಿಂತುಹೋಗುತ್ತದೆ. ಇದಕ್ಕೆಂದು ನಾನು ಒಂದು ಸಾಲು ಕೋಡನ್ನೂ ಬರೆದಿಲ್ಲ. ಸಮೀಪದ ಎರಡು ಕಂಪನಗಳು ಸೇರಿದರೆ ಆಗುವುದೇ ಹಾಗೆ.

ಟೀಚರ್ ಮತ್ತು ಮೇಷ್ಟರಿಗೆ ಒಂದು ವಿಷಯದಲ್ಲಿ ಮಾತ್ರ ಇಂದಿಗೂ ಹೊಂದಿಕೆಯಿಲ್ಲ. ಅಂಕಿಗಳನ್ನು ಮೋಹನ ರಾಗದ ಐದು ಸ್ವರಗಳಿಗೆ ಕೂರಿಸಿದರೆ ಕೇಳಲು ಬಲು ಇಂಪು ಎನ್ನುತ್ತಾರೆ ಟೀಚರ್. ಆದರೆ ಅರ್ಧ ಅಡಿ ಏರಿದರೂ ಸ್ವರ ಅದೇ ಇರುತ್ತದೆ ಎಂಬುದು ಮೇಷ್ಟರ ತಕರಾರು. ನನ್ನ ಮತ ಮೇಷ್ಟರಿಗೆ. ರಾಗದ ಆಯ್ಕೆಯೂ ಇದೆ, ಬೇಕಾದವರು ಹಾಕಿಕೊಳ್ಳಲಿ.

ಸ್ವರ ಬದಲಾದಾಗಲೆಲ್ಲ ಬರುತ್ತಿದ್ದ "ಟಕ್" ಸದ್ದನ್ನು ತೆಗೆದವರು ನಾನು ಮುಖ ನೋಡಿರದ ಒಬ್ಬ ವಿದ್ಯಾರ್ಥಿನಿ. ಅಲೆ ನಡುವೆಯೇ ತುಂಡಾಗುತ್ತಿದೆ ಎಂದು ಗುರುತಿಸಿ, ಪ್ರತಿ ಸ್ವರದ ಆರಂಭ ಮತ್ತು ಕೊನೆಯ ಕೆಲವು ಮಿಲಿಸೆಕೆಂಡುಗಳನ್ನು ಇಳಿಜಾರು ಮಾಡಿ ಕಳಿಸಿದರು. ಅಂಕಿಯೇ ಇಲ್ಲದ ದಿನಗಳಿಗೆ ಮೌನದ ಬದಲು ಮೆತ್ತನೆಯ ಚಿಟಿಕೆ ಸದ್ದಿಟ್ಟವರೂ ಅವರೇ. ಮೌನವಿದ್ದಾಗ ಮೇಷ್ಟರು, ಪ್ರೋಗ್ರಾಂ ನಿಂತುಹೋಯಿತೆಂದು ನನಗೆ ಫೋನ್ ಮಾಡುತ್ತಿದ್ದರು.

ಹೆಸರಿಸಲೇಬೇಕಾದವರು ಪೋರ್ಟೊರಿಕೊದ ಖಗೋಳವಿಜ್ಞಾನಿ ವಾಂಡಾ ಡಿಯಾಜ್-ಮರ್ಸೆಡ್. ದೃಷ್ಟಿ ಕಳೆದುಕೊಂಡ ಮೇಲೂ ಆಕಾಶದ ದತ್ತಾಂಶವನ್ನು ಕಿವಿಯಿಂದ ಅಧ್ಯಯನ ಮಾಡಿದವರು. ಅವರ ಕೆಲಸದ ಬಗ್ಗೆ ಓದಿರದಿದ್ದರೆ ನಾನು ಈ ಕಡೆ ತಲೆಯೇ ಹಾಕುತ್ತಿರಲಿಲ್ಲ. ನಮ್‌ಪೈ, ಸೈಪೈ ಎಂಬ ಪೈಥಾನ್ ಲೆಕ್ಕದ ಸಲಕರಣೆಗಳನ್ನು ಕಟ್ಟಿ ಬಿಟ್ಟಿಯಾಗಿ ಕೊಟ್ಟವರಿಗೂ ಶರಣು.

ಆಲಮಟ್ಟಿಯ ಅಂಕಿಗಳನ್ನು ಕಳಿಸಿದ ವಿಜಯಪುರದ ಗೆಳೆಯರೇ, ತಲುಪಿವೆ, ತುಂಬಾ ಉಪಕಾರವಾಯಿತು. ನಿಮ್ಮವು ಮೀಟರಿನಲ್ಲಿವೆ, ಹಾಗೇ ಇರಲಿ, ಅಡಿಗೆ ಬದಲಿಸುವ ಗೋಜು ಬೇಡ. ಶ್ರುತಿಯನ್ನು 519.60ಕ್ಕೆ, ಅಂದರೆ ತುಂಬಿದ ಆಲಮಟ್ಟಿಯ ಮಟ್ಟಕ್ಕೆ, ಇಟ್ಟುಕೊಂಡರೆ ಸಾಕು.