ಪ್ರೋಗ್ರಾಮಿಂಗ್ ಪಾಠಕ್ಕೆ ಊರಿನ ಮಳೆ ಲೆಕ್ಕ ಸಿಗಲಿ

ಮಾನ್ಯ ಸಂಪಾದಕರೇ,

ಎನ್‌ಸಿಇಆರ್‌ಟಿಯ 11ನೇ ತರಗತಿಯ ಕಂಪ್ಯೂಟರ್ ವಿಜ್ಞಾನ ಪಠ್ಯದಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದೆ. 12ನೇ ತರಗತಿಯಲ್ಲಿ ಫೈಲುಗಳನ್ನು ಓದಿ ಬರೆಯುವ ಪಾಠವೂ ಇದೆ. ಆದರೆ ಲ್ಯಾಬಿನಲ್ಲಿ ನಮ್ಮ ಅಭ್ಯಾಸಗಳು ಬಹುಮಟ್ಟಿಗೆ ಅವಿಭಾಜ್ಯ ಸಂಖ್ಯೆ, ಫಿಬೊನಾಚಿ ಸರಣಿ ಮತ್ತು ನಾಲ್ಕೈದು ಕಾಲ್ಪನಿಕ ವಿದ್ಯಾರ್ಥಿಗಳ ಅಂಕಪಟ್ಟಿಯನ್ನು ದಾಟುವುದೇ ಇಲ್ಲ. ಉತ್ತರ ಮೊದಲೇ ಗೊತ್ತಿರುವ ಈ ಪ್ರೋಗ್ರಾಮುಗಳನ್ನು ಮಕ್ಕಳು ರೆಕಾರ್ಡ್ ಪುಸ್ತಕಕ್ಕೆ ನಕಲಿಳಿಸಿ, ಬಾಯಿಪಾಠ ಮಾಡಿ, ಪರೀಕ್ಷೆಯ ದಿನ ಒಪ್ಪಿಸಿ ಮರೆಯುತ್ತಾರೆ. ಇವುಗಳ ಜಾಗದಲ್ಲಿ ತಮ್ಮದೇ ತಾಲ್ಲೂಕಿನ ದಿನವಹಿ ಮಳೆಯ ಅಂಕಿಗಳನ್ನು ಅವರ ಕೈಗೆ ಕೊಡಬೇಕು ಎಂಬುದು ನನ್ನ ಸಲಹೆ.

ಮಳೆಯ ಅಂಕಿಗಳು ಪಠ್ಯದ ಅಂಕಿಗಳಷ್ಟು ಸಾಧುವಲ್ಲ, ಅದೇ ಅವುಗಳ ಗುಣ. ಮಳೆ ಮಾಪಕ ಕೆಟ್ಟ ದಿನ ಪಟ್ಟಿಯಲ್ಲಿ ಆ ದಿನದ ಮನೆ ಖಾಲಿ ಇರುತ್ತದೆ. ಮಳೆ ಬಾರದ ದಿನದ ಮನೆಯಲ್ಲಿ ಸೊನ್ನೆ ಇರುತ್ತದೆ. ಇವೆರಡನ್ನೂ ಒಂದೇ ಎಂದುಕೊಂಡ ವಿದ್ಯಾರ್ಥಿಯ ಸರಾಸರಿ ತಪ್ಪುತ್ತದೆ: ಜೂನ್ ತಿಂಗಳಲ್ಲಿ 25 ದಿನಗಳ ದಾಖಲೆಯಷ್ಟೇ ಇದ್ದು ಒಟ್ಟು 75 ಮಿಲಿಮೀಟರ್ ಮಳೆಯಾಗಿದ್ದರೆ ದಾಖಲಾದ ದಿನಗಳ ಸರಾಸರಿ 3 ಮಿ.ಮೀ., ಖಾಲಿ ಮನೆಗಳನ್ನು ಸೊನ್ನೆ ಎಂದು ಓದಿದರೆ 2.5. ಭಾರತೀಯ ಹವಾಮಾನ ಇಲಾಖೆಯ ಗ್ರಿಡ್ ರೂಪದ (ಭೂಪಟವನ್ನು ಚೌಕಗಳಾಗಿ ವಿಂಗಡಿಸಿ ಕೊಡುವ) ಮಳೆ ದತ್ತಾಂಶದಲ್ಲಂತೂ ದಾಖಲೆಯಿಲ್ಲದ ಕಡೆ -999 ಎಂದಿರುತ್ತದೆ. ಅದನ್ನು ಗಮನಿಸದೆ ಕೂಡಿದವನ ಪರದೆಯ ಮೇಲೆ ವರ್ಷದ ಮಳೆಯೇ ಋಣ ಸಂಖ್ಯೆಯಾಗಿ ಬರಬಹುದು. ‘ಹೀಗಿದ್ದರೆ ಮಾತ್ರ ಹೀಗೆ ಮಾಡು’ ಎನ್ನುವ ಇಫ್ ಷರತ್ತು ಯಾಕೆ ಬೇಕು ಎಂದು ಆಮೇಲೆ ಯಾರೂ ಅವನಿಗೆ ವಿವರಿಸಬೇಕಾಗಿಲ್ಲ. ದಿನಾಂಕದ್ದೂ ಇಂಥದೇ ತೊಡಕು. ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುವ ಪದ್ಧತಿಯಿರುವುದರಿಂದ ಸೋಮವಾರ ರಾತ್ರಿ ಸುರಿದದ್ದು ಮಂಗಳವಾರದ ಲೆಕ್ಕಕ್ಕೆ ಸೇರುತ್ತದೆ.

ಇಷ್ಟು ತಿಳಿದ ಮೇಲೆ ಪ್ರಶ್ನೆಗಳಿಗೆ ಬರವಿಲ್ಲ. 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾದರಷ್ಟೇ ಇಲಾಖೆ ಅದನ್ನು ಮಳೆದಿನ ಎನ್ನುತ್ತದೆ. ಅಂಥ ದಿನಗಳನ್ನು ಎಣಿಸುವುದು ಲೂಪಿನ, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸೂಚನೆಯ, ಮೊದಲ ಪಾಠವಾಗಬಹುದು. ಎರಡು ಮಳೆದಿನಗಳ ನಡುವಿನ ಅತಿ ಉದ್ದದ ಬಿಡುವನ್ನು ಹುಡುಕುವುದು ಅದಕ್ಕಿಂತ ಕಷ್ಟ, ಬಿತ್ತನೆ ಮಾಡಿ ಮುಗಿಲು ನೋಡುವ ಮನೆಯ ಮಕ್ಕಳಿಗೆ ಅದರ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿ.ಮೀ. ಮಳೆ ಒಂದು ಲೀಟರ್ ಆಗುವುದರಿಂದ ಶಾಲೆಯ ಚಾವಣಿಯ ನೀರನ್ನೂ ಲೆಕ್ಕ ಹಾಕಬಹುದು.

ನನಗೆ ಹೆಚ್ಚು ಪ್ರಿಯವಾದದ್ದು ಮಳೆ ನಕ್ಷತ್ರಗಳ ಅಭ್ಯಾಸ. ದಿನವಹಿ ಮಳೆಯನ್ನು ತಿಂಗಳುವಾರು ಕೂಡುವ ಬದಲು ಪಂಚಾಂಗ ನೋಡಿ ಭರಣಿ, ರೋಹಿಣಿ, ಆರಿದ್ರಾ ಎಂದು ಸುಮಾರು 13-14 ದಿನಗಳ ಗುಂಪುಗಳಾಗಿ ಕೂಡಿಸಲಿ. ‘ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ’ ಎಂದು ಅಜ್ಜ ಹೇಳುವ ಆ ಮಳೆ ಮೂವತ್ತು ವರ್ಷಗಳಲ್ಲಿ ಎಷ್ಟು ಸಲ ಕೈಕೊಟ್ಟಿದೆ ಎಂದು ನೋಡಲಿ. ಗಾದೆಯ ಉಳಿದರ್ಧವಾದ ಬೆಳೆಯ ವಿಚಾರಕ್ಕೆ ಇಳುವರಿಯ ಅಂಕಿಯೂ ಬೇಕೆಂಬುದನ್ನು ಒಂದಿಬ್ಬರಾದರೂ ತಾವಾಗಿಯೇ ಕೇಳುತ್ತಾರೆ.

ಹಳ್ಳಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಸಾಲದು, ಇಂಟರ್ನೆಟ್ ನಿಲ್ಲುವುದಿಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಒಂದು ಮಾಪಕದ ಒಂದು ವರ್ಷದ ದಾಖಲೆ ಎಂದರೆ 365 ಸಾಲು. ಪೆನ್‌ಡ್ರೈವಿನಲ್ಲಿ ತಂದು ಹಳೆಯ ಯಂತ್ರದಲ್ಲೂ ನಡೆಸಬಹುದು. ನಿಜವಾದ ಅಡಚಣೆ ಅಂಕಿಗಳು ಸಿಗುವ ರೂಪದ್ದು. ಪಿಡಿಎಫ್ ವರದಿಯಿಂದ ಒಂದೊಂದೇ ಅಂಕಿ ಹೆಕ್ಕಿ ಟೈಪ್ ಮಾಡುವಷ್ಟು ಬಿಡುವು ಯಾವ ಉಪನ್ಯಾಸಕರಿಗೂ ಇಲ್ಲ. ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆ ಮಾಪಕಗಳನ್ನು ಅಳವಡಿಸಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿವಾರು ಹಳೆಯ ದಾಖಲೆಗಳನ್ನು ಪ್ರೋಗ್ರಾಮು ನೇರವಾಗಿ ಓದಬಲ್ಲ ಸರಳ ಪಟ್ಟಿಗಳಾದ ಸಿಎಸ್‌ವಿ ಫೈಲುಗಳಾಗಿ, ಖಾಲಿ ಮನೆಗಳನ್ನು ತುಂಬದೆ ಹಾಗೆಯೇ ಉಳಿಸಿ, ಶಾಲಾ ಕಾಲೇಜುಗಳಿಗೆ ಉಚಿತವಾಗಿ ಒದಗಿಸಬೇಕು. ಪದವಿಪೂರ್ವ ಶಿಕ್ಷಣ ಇಲಾಖೆಯು ಪ್ರಾಯೋಗಿಕ ಪರೀಕ್ಷೆಯ ಪಟ್ಟಿಯಲ್ಲಿ ಇಂಥ ಎರಡು ಅಭ್ಯಾಸಗಳಿಗಾದರೂ ಜಾಗ ಮಾಡಿಕೊಡಬೇಕು. ಅಂಕವಿಲ್ಲದ ಅಭ್ಯಾಸಕ್ಕೆ ನಮ್ಮಲ್ಲಿ ಸಮಯ ಸಿಗುವುದಿಲ್ಲ.

ಇಂತಿ,
ಒಬ್ಬ ಕಂಪ್ಯೂಟರ್ ವಿಜ್ಞಾನ ಉಪನ್ಯಾಸಕ,
ಚಿತ್ರದುರ್ಗ ಜಿಲ್ಲೆ