‘ಖಾಲಿ ಜಾಗ’ ಅಲ್ಲ ಅಂತ ತೋರಿಸಿಕೊಟ್ಟವರಿಗೆ

2015ರ ಮೇ 7ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಮ್ಮ ಅಗರ–ಬೆಳ್ಳಂದೂರು ಕೇಸಿನಲ್ಲಿ ತೀರ್ಪು ಕೊಟ್ಟಿತು. ಹತ್ತು ವರ್ಷ ದಾಟಿತು. ಅವತ್ತು ಒಬ್ಬರಿಗೊಬ್ಬರು ಫೋನ್ ಮಾಡಿ ಖುಷಿಪಟ್ಟೆವು, ಅಷ್ಟೇ. ಕೂತು ಸರಿಯಾಗಿ ಯಾರಿಗೂ ಥ್ಯಾಂಕ್ಸ್ ಹೇಳಲಿಲ್ಲ. ಆ ಬಾಕಿ ಈಗ ತೀರಿಸುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಬೆಂಗಳೂರಿನ ಅಗರ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಬೆಳ್ಳಂದೂರು ಕೆರೆ ಸೇರುತ್ತದೆ. ಅಲ್ಲಿಂದ ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ ನದಿ. ಈ ಎರಡು ಕೆರೆಗಳ ನಡುವಿನ ತಗ್ಗಿನಲ್ಲಿ, ಸುಮಾರು 70 ಎಕರೆಯಲ್ಲಿ, ಫ್ಲ್ಯಾಟು, ಆಫೀಸು, ಹೋಟೆಲು ಕಟ್ಟಲು ಬಿಲ್ಡರ್‌ಗಳು ಹೊರಟಿದ್ದರು. ಕೇಳಿದರೆ, ‘ಖಾಲಿ ಜಾಗ ತಾನೇ’ ಅನ್ನುತ್ತಿದ್ದರು. ಜೊಂಡು ಬೆಳೆದು, ಬೆಳ್ಳಕ್ಕಿ ಇಳಿದು, ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುವ ಜಾಗ ಖಾಲಿ ಹೇಗಾಗುತ್ತದೆ?

ಮೊದಲ ನಮಸ್ಕಾರ ಅಗರದ ನಮ್ಮ ತಾತನಿಗೆ. ಕೆರೆ ಕೆಳಗೆ ಭತ್ತ ಬೆಳೆದವರು. ಒಂದು ಬೆಳಗ್ಗೆ ಗ್ರಾಮ ನಕ್ಷೆಯ ಜೆರಾಕ್ಸ್ ಹಿಡಿದುಕೊಂಡು ಅವರ ಹಿಂದೆ ನಡೆದೆವು. ನಕ್ಷೆಯಲ್ಲಿ ಕಾಲುವೆಯ ಗೆರೆ ಇತ್ತು, ನೆಲದ ಮೇಲೆ ಕಾಲುವೆ ಕಾಣುತ್ತಿರಲಿಲ್ಲ. ತಾತ ಒಂದು ಕಡೆ ನಿಂತು, ‘ಇಲ್ಲೇ ಕಣಪ್ಪ’ ಅಂದರು. ಕೋಲಿನಿಂದ ಕೆದಕಿದರು. ಮೇಲೆ ಲಾರಿಯಲ್ಲಿ ತಂದು ಸುರಿದ ಕೆಂಪು ಮಣ್ಣು. ಒಂದು ಗೇಣು ಕೆಳಗೆ ಹೋಗುತ್ತಲೇ ಕರಿ ಕೆಸರು, ಕೊಳೆತ ಜೊಂಡಿನ ಬೇರು, ಕೆರೆಯ ವಾಸನೆ. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಸುಮ್ನೆ ನಿಂತುಬಿಟ್ಟರು. ನನಗೆ ವಿಷಯ ಅರ್ಥವಾಗಿದ್ದು ಅವತ್ತು.

ಕೇಸು ಹೂಡಿದ ಫಾರ್ವರ್ಡ್ ಫೌಂಡೇಷನ್, ಪ್ರಜಾ ರಾಗ್ ಮತ್ತು ಬೆಂಗಳೂರು ಎನ್ವಿರಾನ್ಮೆಂಟ್ ಟ್ರಸ್ಟಿನವರಿಗೆ, ಅವರ ವಕೀಲರಿಗೆ ಎಷ್ಟು ಹೇಳಿದರೂ ಕಡಿಮೆಯೇ. ಬಿಲ್ಡರ್‌ಗಳಿಗೆ ಯೋಜನಾ ವೆಚ್ಚದ ಶೇ 5ರಷ್ಟು ದಂಡ ಹಾಕಿದ ಆ ತೀರ್ಪು ನಿಮ್ಮ ಹಟದಿಂದ ಬಂದದ್ದು.

ಸಹಿ ಸಂಗ್ರಹಕ್ಕೆ ಮನೆ ಮನೆ ಹತ್ತಿ ಇಳಿದ ಅಕ್ಕಂದಿರೇ, ‘ನೀವೂ ಫ್ಲ್ಯಾಟಿನಲ್ಲೇ ಇದ್ದೀರಲ್ವಾ, ಬೇರೆಯವರಿಗೆ ಯಾಕೆ ಬೇಡ ಅಂತೀರಿ’ ಅನ್ನೋ ಮಾತನ್ನು ನೀವು ಎಷ್ಟು ಸಲ ಕೇಳಿಸಿಕೊಂಡಿರಿ! ಆ ಪ್ರಶ್ನೆ ತಪ್ಪಲ್ಲ. ಜನಕ್ಕೆ ಮನೆ ಬೇಕು. ನೀರು ಹರಿಯುವ ದಾರಿಯಲ್ಲಿ ಬೇಡ ಅಂದೆವು, ಅಷ್ಟೇ. ಅದನ್ನು ಸಿಟ್ಟಾಗದೆ ಪ್ರತಿ ಬಾಗಿಲಲ್ಲೂ ಹೇಳಿದಿರಿ. ನನಗೆ ಅಷ್ಟು ತಾಳ್ಮೆ ಇರಲಿಲ್ಲ.

2016ರ ಮೇ 4ರಂದು ಕೆರೆಯ ಸುತ್ತ ಏನೂ ಕಟ್ಟದೆ 75 ಮೀಟರ್ ಬಿಡಬೇಕು ಅಂತ ನ್ಯಾಯಮಂಡಳಿ ಹೇಳಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮತ್ತೆ ನಗರದ ಮಾಸ್ಟರ್ ಪ್ಲ್ಯಾನಿನ 30 ಮೀಟರೇ ಗತಿಯಾಯಿತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ‘ಯಾಕೆ ಬೇಕಿತ್ತು ಇದೆಲ್ಲಾ’ ಅಂತ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಅದಕ್ಕೂ ಥ್ಯಾಂಕ್ಸ್. ಮಾರನೆಯ ಭಾನುವಾರ ಕೆರೆ ಏರಿ ಮೇಲೆ ಎಂದಿನಂತೆ ಎಲ್ಲರೂ ಬಂದಿದ್ದಿರಿ, ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಿರಿ. ನಾನಿನ್ನೂ ಇದರಲ್ಲಿ ಉಳಿದಿರುವುದು ಆ ಭಾನುವಾರದಿಂದ.

ತಾತ ಈಗ ಇಲ್ಲ. ಅವರು ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟ ನಕ್ಷೆ ನನ್ನ ಹತ್ತಿರ ಇದೆ. ಮಡಿಕೆಗಳಲ್ಲಿ ಹರಿಯುತ್ತಿದೆ, ಲ್ಯಾಮಿನೇಷನ್ ಮಾಡಿಸಬೇಕು. ಬೇಕಾದವರು ಬಂದು ಜೆರಾಕ್ಸ್ ಮಾಡಿಸಿಕೊಳ್ಳಿ.